ರೋಗಿಯ ಬಾಗಿಲಿನಿಂದ ಆರಂಭವಾಗಬೇಕಾದ ಆರೋಗ್ಯ ಸುಧಾರಣೆ

ನಿಪ್ಪಾಣಿಯ ತಂಬಾಕು ವಖಾರಿ, ಅಥಣಿಯ ಚಪ್ಪಲಿ ತಯಾರಿಕೆ, ರಾಯಬಾಗ ಮತ್ತು ಕಾಗವಾಡ ಭಾಗದ ಸಕ್ಕರೆ ಉದ್ಯಮ, ಚಿಕ್ಕೋಡಿಯ ಕಿರಾಣಿ ವ್ಯಾಪಾರ ಇವೆಲ್ಲವೂ ನಿಂತಿರುವುದು ದುಡಿಯುವ ಕೈಗಳ ಮೇಲೆ. ಕೆಲಸಗಾರನೊಬ್ಬ ಹಾಸಿಗೆ ಹಿಡಿದರೆ ನಿಲ್ಲುವುದು ಅವನ ಕೂಲಿ ಮಾತ್ರವಲ್ಲ. ಮಾಲೀಕ ಕೊಟ್ಟ ಮುಂಗಡ, ಅಂಗಡಿಯ ಉದ್ರಿ, ಬ್ಯಾಂಕಿನ ಕಂತು ಎಲ್ಲವೂ ನಿಲ್ಲುತ್ತವೆ. ಸಣ್ಣ ವರ್ತಕನ ಮನೆಯಲ್ಲೇ ಹೃದ್ರೋಗ ಕಾಣಿಸಿಕೊಂಡರೆ ದುಡಿಯುವ ಬಂಡವಾಳವೇ ಆಸ್ಪತ್ರೆಯ ಪಾಲಾಗುತ್ತದೆ. ಆದ್ದರಿಂದ ಆರೋಗ್ಯ ವ್ಯವಸ್ಥೆಯ ಸುಧಾರಣೆ ವಾಣಿಜ್ಯ ವಲಯದ ಚಿಂತನೆಗೂ ಅರ್ಹವಾದ ವಿಷಯವಾಗಿದೆ.

ಸುಧಾರಣೆಯೆಂದರೆ ಕಟ್ಟಡ, ಹಾಸಿಗೆ, ಯಂತ್ರಗಳ ಲೆಕ್ಕವೆಂದೇ ಸಾಮಾನ್ಯ ಭಾವನೆ. ರೋಗಿಯ ಲೆಕ್ಕ ಬೇರೆ. ಎಲ್ಲಿಗೆ ಹೋಗಬೇಕು, ಯಾರು ದಾರಿ ತೋರಿಸುತ್ತಾರೆ, ಹಣ ಯಾರು ಕೊಡುತ್ತಾರೆ ಎಂಬ ಮೂರು ಪ್ರಶ್ನೆಗಳೇ ಅವನ ಪಾಲಿಗೆ ಮುಖ್ಯ.

ಆರೋಗ್ಯಶ್ರೀಯ ಪಾಠ

ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರ ಫೆಬ್ರವರಿಯಲ್ಲಿ ಗುಲಬರ್ಗಾ ವಿಭಾಗದಲ್ಲಿಯೂ ಅದೇ ವರ್ಷದ ಆಗಸ್ಟ್‌ನಲ್ಲಿ ಈ ತಾಲೂಕುಗಳು ಸೇರಿರುವ ಬೆಳಗಾವಿ ವಿಭಾಗದಲ್ಲಿಯೂ ಜಾರಿಗೆ ಬಂದಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು ನೋಂದಣಿ ಮಾಡಿಸಬೇಕಿರಲಿಲ್ಲ, ವಂತಿಗೆ ಕಟ್ಟಬೇಕಿರಲಿಲ್ಲ. ಪಡಿತರ ಚೀಟಿಯೇ ಸಾಕಿತ್ತು. ಗ್ರಾಮೀಣ ಭಾಗಗಳಲ್ಲಿ ತಪಾಸಣಾ ಶಿಬಿರಗಳು ನಡೆದವು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರು ಕಾಗದಪತ್ರಗಳನ್ನು ನೋಡಿಕೊಂಡರು. ಹೃದ್ರೋಗ, ಕ್ಯಾನ್ಸರ್ ಮೊದಲಾದ ಚಿಕಿತ್ಸೆಗಳ ಹಣ ನೇರವಾಗಿ ಆಸ್ಪತ್ರೆಗೆ ಸಂದಾಯವಾಯಿತು.

ಯೋಜನೆಯ ಗಡಿಯ ಎರಡೂ ಬದಿಯ 572 ಗ್ರಾಮಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯಲ್ಲಿದ್ದ ಬಡ ಕುಟುಂಬಗಳಲ್ಲಿ ಈ ಬಗೆಯ ರೋಗಗಳಿಂದಾದ ಸಾವು ಶೇ. 64ರಷ್ಟು ಕಡಿಮೆಯಿತ್ತು, ದೊಡ್ಡ ಆಸ್ಪತ್ರೆಗಳಲ್ಲಿ ದಾಖಲಾದಾಗಿನ ಸ್ವಂತ ಖರ್ಚು ಶೇ. 34ರಷ್ಟು ತಗ್ಗಿತ್ತು. ರೋಗಿಯ ಬಳಿಗೆ ವ್ಯವಸ್ಥೆಯೇ ನಡೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಗಡಿಭಾಗದ ವಾಸ್ತವ

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅರ್ಹ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ. ವರೆಗಿನ ಚಿಕಿತ್ಸೆಗೆ ಅವಕಾಶ ನೀಡಲಾಯಿತು. ರೋಗಿಯು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರ ಪಡೆಯಬೇಕೆಂಬುದು ಇದರ ಕ್ರಮ. ತುರ್ತು ಚಿಕಿತ್ಸೆಗಳಿಗೆ ವಿನಾಯಿತಿಯುಂಟು. ಆದರೆ ಡಾ. ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ಆ ಊರು ವೈದ್ಯಕೀಯ ಕೇಂದ್ರವೆಂದು ಹೆಸರಾಗಿದೆ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ರಾಜ್ಯದ ಗಡಿ ನಕ್ಷೆಯಲ್ಲಿದೆ, ಎದೆನೋವಿಗೆ ಅದು ತಿಳಿಯದು. ರೋಗಿ ನಡೆಯುವ ದಾರಿಯನ್ನೇ ಯೋಜನೆಯೂ ಅನುಸರಿಸಬೇಕು. ತಾಲೂಕು ಆಸ್ಪತ್ರೆಯ ಶಿಫಾರಸು ಒಂದೇ ಭೇಟಿಯಲ್ಲಿ ದೊರೆಯಬೇಕು. ಮಾಹಿತಿ ಕನ್ನಡ, ಮರಾಠಿ ಎರಡರಲ್ಲಿಯೂ ಇರಬೇಕು.

ವರ್ತಕರ ಹೊಣೆ

ಉದ್ಯಮಿಗಳು ಸರಕಾರಕ್ಕೆ ಮನವಿ ಸಲ್ಲಿಸಿ ಕೈತೊಳೆದುಕೊಳ್ಳುವಂತಿಲ್ಲ. ನೌಕರರ ರಾಜ್ಯ ವಿಮೆಯಲ್ಲಿ ಮಾಲೀಕರ ವಂತಿಗೆಯನ್ನು 2019ರ ಜುಲೈಯಲ್ಲಿ ಶೇ. 4.75ರಿಂದ 3.25ಕ್ಕೆ ಇಳಿಸಲಾಯಿತು, ಅದರ ವ್ಯಾಪ್ತಿಗೆ ಬರುವವರು ನೌಕರರ ಹೆಸರನ್ನು ತಪ್ಪದೆ ನೋಂದಾಯಿಸಬೇಕು. ಉಳಿದವರು ತಮ್ಮ ಕೆಲಸಗಾರರ ಬಳಿ ಆರೋಗ್ಯ ಕಾರ್ಡು ಇದೆಯೇ, ಅದು ಯಾವ ಆಸ್ಪತ್ರೆಯಲ್ಲಿ ಮಾನ್ಯ ಎಂಬುದನ್ನು ಕಾಯಿಲೆ ಬರುವ ಮುನ್ನವೇ ವಿಚಾರಿಸುವುದು ಒಳಿತು. ಖಾಸಗಿ ಆಸ್ಪತ್ರೆಗಳು ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸಬಾರದೆಂಬ ನಿಯಮ 2017ರ ತಿದ್ದುಪಡಿ ಕಾಯಿದೆಯಲ್ಲಿದೆ ಎಂಬುದನ್ನೂ ಅವರಿಗೆ ತಿಳಿಸಬೇಕು.

ಸರಕಿಗೆ ವಿಮೆ ಮಾಡಿಸುವ ವರ್ತಕರು ಆ ಸರಕನ್ನು ಹೊರುವವನ ಕಾರ್ಡನ್ನೂ ಒಮ್ಮೆ ನೋಡಿದರೆ ಸುಧಾರಣೆಯ ಅರ್ಧ ದಾರಿ ಸವೆದಂತೆ.