ಗುಂಡಿಗೆ ಇಳಿದಾಗ ‘ಕಟಕ್’ ಎಂದರೆ...

ಹತ್ತು ಹನ್ನೆರಡು ವರ್ಷ ನಿಷ್ಠೆಯಿಂದ ದುಡಿದ ಕಾರು ಒಂದು ದಿನ ಮಾತಾಡತೊಡಗುತ್ತದೆ. ರಸ್ತೆಯುಬ್ಬು ಹತ್ತಿಳಿಯುವಾಗ, ಚಕ್ರ ಗುಂಡಿಗೆ ಬಿದ್ದಾಗ ಚಾಲಕನ ಕಾಲಿನ ಮುಂದೆಲ್ಲೋ ‘ಕಟಕ್’ ಎಂಬ ಸದ್ದು. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಅತ್ತಿತ್ತ ತಿದ್ದುತ್ತಲೇ ಇರಬೇಕು. ಅಪರೂಪಕ್ಕೆ ಕಾರು ಹತ್ತಿದ ನೆಂಟರಿಗೆ ಇದು ತಕ್ಷಣ ಗೊತ್ತಾಗುತ್ತದೆ. ದಿನವೂ ಓಡಿಸುವವರಿಗೆ ಗೊತ್ತಾಗುವುದಿಲ್ಲ. ದಿನಕ್ಕಿಷ್ಟೇ ಹೆಚ್ಚುವ ದೋಷಕ್ಕೆ ಕೈ ತಾನಾಗಿ ಒಗ್ಗಿಕೊಂಡಿರುತ್ತದೆ. ಅಪಾಯ ಅಡಗಿರುವುದು ಈ ಒಗ್ಗಿಕೆಯಲ್ಲೇ.

ಹಲವು ಸಲ ಇದರ ಮೂಲ, ಸ್ಟೀರಿಂಗ್ ರ್ಯಾಕನ್ನು ಹಿಡಿದಿಟ್ಟಿರುವ ಪುಟ್ಟ ರಬ್ಬರ್ ಬುಶ್. ಇದರ ಬೆಲೆ ಅಲ್ಪ. ಆದರೆ ಅದು ಹೊತ್ತಿರುವ ಹೊಣೆ ಅಲ್ಪವಲ್ಲ.

ಹಲ್ಲಿನ ಸರಳಿನ ಕೆಲಸ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರನ್ನೇ ನೋಡಿ. ಅದರಲ್ಲಿರುವುದು ‘ರ್ಯಾಕ್ ಅಂಡ್ ಪಿನಿಯನ್’ ವ್ಯವಸ್ಥೆ. ಇಂದಿನ ಬಹುಪಾಲು ಕಾರುಗಳಲ್ಲೂ ಇದೇ ತತ್ವ. ಸ್ಟೀರಿಂಗ್ ದಂಡದ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ. ಅದಕ್ಕೆ ಹೊಂದಿಕೊಂಡಂತೆ ಒಂದು ಕೊಳವೆಯೊಳಗೆ ಅಡ್ಡ ಮಲಗಿದ, ಹಲ್ಲು ಕೊರೆದ ಉಕ್ಕಿನ ಸರಳು, ಅದೇ ರ್ಯಾಕ್. ಗಾಲಿ ತಿರುಗಿದರೆ ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗಳ ಟೈರಾಡ್‌ಗಳು ಮುಂದಿನ ಚಕ್ರಗಳನ್ನು ಹೊರಳಿಸುತ್ತವೆ.

ಈ ಕೊಳವೆಯನ್ನು ಕ್ಲಾಂಪುಗಳಿಂದ ಕಾರಿನ ಮೈಗೆ ಬಿಗಿದಿರುತ್ತಾರೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ರಸ್ತೆಯ ಅದುರೆಲ್ಲ ಕೈಗೇ ಬರುತ್ತದೆ. ಆದ್ದರಿಂದ ನಡುವೆ ರಬ್ಬರ್ ಬುಶ್.

ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತದೆ. ಪಿನಿಯನ್ ಸರಳನ್ನು ಎಡಕ್ಕೆ ತಳ್ಳಿದರೆ, ಕೊಳವೆಯನ್ನು ಅಷ್ಟೇ ಬಲದಿಂದ ಬಲಕ್ಕೆ ತಳ್ಳುತ್ತದೆ. ಬುಶ್ ಗಟ್ಟಿಯಿದ್ದರೆ ಕೊಳವೆ ಕದಲದು. ಸವೆದಿದ್ದರೆ ಮೊದಲು ಕೊಳವೆ ಜಾರುತ್ತದೆ. ಕ್ಲಾಂಪಿಗೆ ‘ಕಟಕ್’ ಎಂದು ತಾಗಿದ ಮೇಲಷ್ಟೇ ಚಕ್ರ ತಿರುಗುತ್ತದೆ.

ಲೆಕ್ಕ ಹಾಕಿ ನೋಡಿ. ಸ್ಟೀರಿಂಗ್ ಒಂದು ಪೂರ್ತಿ ಸುತ್ತಿಗೆ ರ್ಯಾಕ್ 40 ಮಿ.ಮೀ. ಸರಿಯುತ್ತದೆ ಎಂದುಕೊಳ್ಳೋಣ. ಆಗ 1 ಮಿ.ಮೀ.ಗೆ 9 ಡಿಗ್ರಿ. ಕೊಳವೆ ಕೇವಲ 2 ಮಿ.ಮೀ. ಜಾರಿದರೂ ಸ್ಟೀರಿಂಗಿನ 18 ಡಿಗ್ರಿ ತಿರುವು ವ್ಯರ್ಥ! ಗಂಟೆಗೆ 60 ಕಿ.ಮೀ. ವೇಗದ ಕಾರು ಅರ್ಧ ಸೆಕೆಂಡಿನಲ್ಲಿ 8 ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಶಿರಾಡಿಯಂಥ ಘಾಟಿಯ ತಿರುವಿನಲ್ಲಿ, ಎದುರಿಗೆ ಲಾರಿ ಬರುತ್ತಿರುವಾಗ, ಅರ್ಧ ಸೆಕೆಂಡ್ ತಡವಾಗಿ ಮಾತು ಕೇಳುವ ಕಾರು ಯಾರಿಗೆ ಬೇಕು?

ರಬ್ಬರ್ ಸೋಲುವುದೇಕೆ?

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಬಗೆಯನ್ನು ಕಂಡುಕೊಂಡ. ಗಂಧಕ ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಸೇತುವೆ ಕಟ್ಟುತ್ತದೆ. ಎಂಜಿನ್ನಿನ ಕಾವು, ಗಾಳಿಯ ಆಮ್ಲಜನಕ ಮತ್ತು ಓಝೋನ್ ವರ್ಷಗಟ್ಟಲೆ ತಾಗಿ ಈ ರಚನೆ ಕೆಡುತ್ತದೆ. ರಬ್ಬರ್ ಪೆಡಸಾಗಿ ಬಿರಿಯುತ್ತದೆ. ಎಂಜಿನ್ ಆಯಿಲ್ ಸೋರಿ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಆಯಿಲ್ ಸೋರಿಕೆ ನಿಲ್ಲಿಸದೆ ಹೊಸ ಬುಶ್ ಹಾಕಿದರೆ ಅದಕ್ಕೂ ಅದೇ ಗತಿ.

ಮೊದಲು ಪರೀಕ್ಷೆ

ಕಾರು ಸಮನಾದ ನೆಲದ ಮೇಲಿರಲಿ. ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಹಾಕಿರಲಿ, ಆದರೆ ಸ್ಟೀರಿಂಗ್ ಲಾಕ್ ಬಿಟ್ಟಿರಲಿ. ಒಬ್ಬರು ಸ್ಟೀರಿಂಗನ್ನು ಎಡ-ಬಲಕ್ಕೆ ಸ್ವಲ್ಪಸ್ವಲ್ಪವೇ ಆಡಿಸಲಿ. ಇನ್ನೊಬ್ಬರು ಬಾನೆಟ್ ತೆರೆದು ಟಾರ್ಚ್ ಬಿಟ್ಟು ನೋಡಲಿ. ಕೊಳವೆಯೇ ಅತ್ತಿತ್ತ ಜಾರುತ್ತಿದ್ದರೆ ದೋಷ ಬುಶ್‌ನದು, ಇಲ್ಲವೇ ಕ್ಲಾಂಪಿನ ಬೋಲ್ಟ್ ಸಡಿಲ.

ಕೊಳವೆ ಅಲುಗದೆ ಒಳಗಿನ ಸರಳು ಕುಣಿಯುತ್ತಿದ್ದರೆ ಅದು ಬೇರೆ ಕಾಯಿಲೆ. ಪಿನಿಯನ್ ಇಲ್ಲದ ತುದಿಯಲ್ಲಿ, ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಎಡಬದಿಯಲ್ಲಿ, ಸರಳಿಗೆ ಆಸರೆಯಾದ ಒಳಬುಶ್ ಸವೆದಿರಬಹುದು. ಅದನ್ನು ಬದಲಿಸಲು ರ್ಯಾಕನ್ನೇ ಬಿಚ್ಚಬೇಕು. ಅದು ಗ್ಯಾರೇಜಿನ ಕೆಲಸ. ಸ್ಟೀರಿಂಗ್ ಆಡಿಸಿದಾಗ ಟೈರಾಡ್ ತುದಿಯ ಕೀಲಿನಲ್ಲೇ ಸಡಿಲ ಕಂಡರೆ ಬದಲಿಸಬೇಕಾದದ್ದು ಆ ಕೀಲನ್ನು.

ಬುಶ್ ಬದಲಿಸುವ ಬಗೆ

ಕ್ಲಾಂಪಿನ ಬೋಲ್ಟುಗಳಿಗೆ ಸ್ಪ್ಯಾನರ್ ಎಟಕುವ ಕಾರುಗಳಲ್ಲಿ ಈ ಕೆಲಸ ಮನೆಯಂಗಳದಲ್ಲೇ ಸಾಧ್ಯ. ಸಬ್‌ಫ್ರೇಮ್ ಇಳಿಸಬೇಕಾದ ಅಥವಾ ಸ್ಟೀರಿಂಗ್ ದಂಡ ಬಿಚ್ಚಬೇಕಾದ ಕಾರುಗಳನ್ನು, ಅದರಲ್ಲೂ ಏರ್‌ಬ್ಯಾಗ್ ಇರುವಂಥವನ್ನು, ತಿಳಿದವರ ಕೈಗೆ ಬಿಡುವುದೇ ಕ್ಷೇಮ.

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದೆಂದರೆ ಪ್ರಾಣವನ್ನೇ ಪಣಕ್ಕಿಟ್ಟಂತೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಭಾರಕ್ಕೆ ಅವು ಒಮ್ಮೆಲೇ ಸಿಡಿದು ಪುಡಿಯಾಗುತ್ತವೆ.

ಚಕ್ರಗಳು ನೇರವಾಗಿರಲಿ. ಒಮ್ಮೆಗೆ ಒಂದೇ ಬದಿಯ ಕ್ಲಾಂಪ್ ಬಿಚ್ಚಿ. ಇನ್ನೊಂದು ಬದಿ ರ್ಯಾಕನ್ನು ಅದರ ಜಾಗದಲ್ಲೇ ಹಿಡಿದಿರುತ್ತದೆ. ಹಳೆಯ ಬುಶ್ ತೆಗೆದು, ಕೊಳವೆಯನ್ನೂ ಕ್ಲಾಂಪನ್ನೂ ತಂತಿ ಬ್ರಶ್ಶಿನಿಂದ ಉಜ್ಜಿ ಒರೆಸಿ. ಹೊಸ ಬುಶ್ ಹಳೆಯದು ಕೂತಿದ್ದ ರೀತಿಯಲ್ಲೇ ಕೂರಬೇಕು. ಬಿಗಿಯಾದರೆ ಸೋಪಿನ ನೀರು ಸವರಿ; ಗ್ರೀಸ್, ಪೆಟ್ರೋಲ್ ಬೇಡ.

ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಬೇಕು. ಆಮೇಲೆ ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಬಿಗಿಯುತ್ತ, ಕೊನೆಗೆ ಟಾರ್ಕ್ ಸ್ಪ್ಯಾನರ್‌ನಿಂದ ಕಾರಿನ ಸರ್ವಿಸ್ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು. 25 ಸೆಂ.ಮೀ. ಸ್ಪ್ಯಾನರಿನ ತುದಿಗೆ 20 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದರೆ ಸುಮಾರು 49 ನ್ಯೂಟನ್-ಮೀಟರ್. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದ ಇಮ್ಮಡಿಸಿದರೆ ಅದೇ ಬಲಕ್ಕೆ 98. ಬೋಲ್ಟ್ ಮುರಿಯುವುದು ಹೀಗೆ. ಸಡಿಲ ಬಿಟ್ಟರಂತೂ ಮೊದಲಿಗಿಂತ ಹೆಚ್ಚಿನ ಅಪಾಯ.

ಇನ್ನೊಂದು ಬದಿಗೂ ಹೀಗೆಯೇ ಮಾಡಿ. ಕಾರು ಇಳಿಸುವ ಮುನ್ನ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಎಲ್ಲೂ ತಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಳಿಸಿದ ಮೇಲೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿ: ಕೊಳವೆ ಈಗ ಕದಲಬಾರದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಹಾಕಿ ನೋಡಿ, ಮರಳಿ ಬಂದು ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ವೀಲ್ ಅಲೈನ್‌ಮೆಂಟ್ ಮಾಡಿಸಿಬಿಡುವುದು ಒಳ್ಳೆಯದು.

ಇಷ್ಟಾದ ಮೇಲೂ ಸದ್ದು ನಿಲ್ಲದಿದ್ದರೆ ಸಂಕೋಚವಿಲ್ಲದೆ ಮೆಕ್ಯಾನಿಕ್ಕನ ಬಳಿ ಹೋಗಬೇಕು. ಆಗ ‘ಏನೋ ಸದ್ದು ಬರುತ್ತಿದೆ’ ಎನ್ನುವ ಬದಲು ‘ಕೊಳವೆ ಕದಲುತ್ತಿಲ್ಲ, ಬುಶ್ ಹೊಸದು, ಒಳಗಿನ ಸರಳು ನೋಡಿ’ ಎನ್ನಬಹುದು. ಅರಿತು ಆಡಿದ ಆ ಒಂದು ಮಾತು ಅನಗತ್ಯ ಖರ್ಚನ್ನೂ ತಪ್ಪಿಸೀತು, ಕಾರಿನಲ್ಲಿ ಕೂತವರ ಜೀವವನ್ನೂ ಕಾದೀತು.