ಸಹಕಾರ ಸಂಘದ ಲೆಕ್ಕವೂ ಅದರ ಬೀಗದ ಕೈಯೂ

1905ನೆಯ ಇಸವಿಯಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದಂದಿನಿಂದ ಇಂದಿನವರೆಗೂ ಇಂಥ ಸಂಘಗಳ ಜೀವವು ಅವುಗಳ ಲೆಕ್ಕದ ಪುಸ್ತಕದಲ್ಲಿರುವುದು. ಯಾವ ರೈತನಿಗೆ ಎಷ್ಟು ಸಾಲ ಸಂದಿತು, ಎಷ್ಟು ವಸೂಲಾಯಿತು, ಯಾರ ಷೇರು ಎಷ್ಟು ಎಂಬುದನ್ನು ತಿಳಿಯಲು ಬೇರೆ ಆಧಾರವಿಲ್ಲ. ಈಗ ಆ ಪುಸ್ತಕವು ಕಂಪ್ಯೂಟರಿಗೆ ಏರುತ್ತಲಿದೆ. 2022ನೆಯ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಆದಕಾರಣ ಸಂಘಗಳ ಆಡಳಿತವನ್ನು ಹೊತ್ತಿರುವ ಗ್ರಾಮದ ಮುಖಂಡರೂ ಜಮೀನುದಾರರೂ ಈ ಹೊಸ ಬಗೆಯ ಪುಸ್ತಕದ ಬೀಗದ ವಿಚಾರವನ್ನು ಅರಿತಿರುವುದು ಅವಶ್ಯವು.

ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿಟ್ಟ ಭಂಡಾರಕ್ಕೆ ಡೇಟಾಬೇಸ್ ಎಂದೂ, ಅದನ್ನು ಹೊತ್ತಿರುವ ಮುಖ್ಯ ಯಂತ್ರಕ್ಕೆ ಸರ್ವರ್ ಎಂದೂ ಹೆಸರು. ಕಳ್ಳನು ಕಡತವನ್ನು ಕದ್ದೊಯ್ದರೂ ಓದಲಾರದಂತೆ ಲೆಕ್ಕವನ್ನು ಗೂಢಲಿಪಿಯಲ್ಲಿ ಬರೆದಿಡುವ ಏರ್ಪಾಡು ಉಂಟು. ಮೈಕ್ರೋಸಾಫ್ಟ್ ಕಂಪನಿಯವರ ಎಸ್‌ಕ್ಯೂಎಲ್ ಸರ್ವರ್ ಎಂಬ ತಂತ್ರಾಂಶದಲ್ಲಿ ಇದು 2008ನೆಯ ಆವೃತ್ತಿಯಲ್ಲಿ ಬಂದಿತು; 2019ನೆಯದರಿಂದ ಕಡಮೆ ಬೆಲೆಯ ಸ್ಟ್ಯಾಂಡರ್ಡ್ ಬಗೆಯಲ್ಲಿಯೂ ದೊರೆಯುತ್ತಿದೆ. ಅದನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ.

ಗೂಢಲಿಪಿಯನ್ನು ಬಿಡಿಸುವ ಕೀಲಿಯು ಲೆಕ್ಕದ ಜೊತೆಯಲ್ಲಿಯೇ ಇರುವುದು; ಆದರೆ ಆ ಕೀಲಿಗೂ ಬೇರೊಂದು ಬೀಗವುಂಟು. ಈ ಎರಡನೆಯ ಬೀಗವನ್ನು ತೆಗೆಯಲು ಸರ್ಟಿಫಿಕೇಟೂ ಅದರ ಖಾಸಗಿ ಕೀಲಿಯೂ ಬೇಕು. ಇವು ಲೆಕ್ಕದೊಡನೆ ಇರದೆ, ಅದೇ ಸರ್ವರಿನ 'ಮಾಸ್ಟರ್' ಎಂಬ ಪ್ರತ್ಯೇಕ ಡೇಟಾಬೇಸಿನಲ್ಲಿರುವುವು. ಹೀಗಿರುವಲ್ಲಿ, ಹಳೆಯ ಯಂತ್ರವನ್ನು ಬಿಟ್ಟು ಹೊಸದನ್ನು ತಂದಾಗ ಲೆಕ್ಕದ ನಕಲನ್ನು ಮಾತ್ರ ಸಾಗಿಸಿದರೆ, ತಿಜೋರಿಯನ್ನು ಹೊಸ ಮನೆಗೆ ಹೊತ್ತು ತಂದು ಬೀಗದ ಕೈಯನ್ನು ಹಳೆಯ ಮನೆಯ ಗೂಟದಲ್ಲಿಯೇ ಬಿಟ್ಟುಬಂದಂತಾಗುವುದು. ಹೊಸ ಸರ್ವರು ಸರ್ಟಿಫಿಕೇಟು ಸಿಕ್ಕದೆಂದು 33111 ಎಂಬ ಸಂಖ್ಯೆಯ ದೋಷವನ್ನು ತೋರಿಸಿ ನಿಲ್ಲುವುದು. ಬಿತ್ತನೆಯ ಕಾಲದಲ್ಲಿ ಹೀಗಾದರೆ ಹಳೆಯ ಬಾಕಿ ತಿಳಿಯದೆ ಹೊಸ ಸಾಲ ಕೊಡುವುದು ಕಷ್ಟ. ಬೀಜ ಗೊಬ್ಬರಗಳಿಗೆ ಹಣ ಒದಗದೆ ರೈತನಿಗೆ ಹದ ತಪ್ಪುವುದು.

ಅಂಥ ಸಮಯದಲ್ಲಿ ಅನುಸರಿಸತಕ್ಕ ಕ್ರಮವು ಹೀಗಿದೆ:

1. ಹಳೆಯ ಯಂತ್ರವನ್ನು ಅಳಿಸಲೂ ಮಾರಲೂ ಕೂಡದು. ಬೀಗದ ಕೈ ಅದರಲ್ಲಿಯೇ ಇರುವುದು.

2. ಹಳೆಯ ಯಂತ್ರವು ನಡೆಯುವ ಸ್ಥಿತಿಯಲ್ಲಿದ್ದರೆ, ಸರ್ಟಿಫಿಕೇಟನ್ನೂ ಖಾಸಗಿ ಕೀಲಿಯನ್ನೂ ಪಾಸ್‌ವರ್ಡಿನ ರಕ್ಷಣೆಯೊಡನೆ ಎರಡು ಕಡತಗಳಾಗಿ ಹೊರತೆಗೆಯಿಸಿ, ಹೊಸ ಸರ್ವರಿನ ಮಾಸ್ಟರ್ ಡೇಟಾಬೇಸಿನಲ್ಲಿ ಸೇರಿಸತಕ್ಕದ್ದು. ತರುವಾಯ ಲೆಕ್ಕದ ನಕಲನ್ನು ಪುನಃ ಸ್ಥಾಪಿಸಿದರೆ ಅದು ತೆರೆದುಕೊಳ್ಳುವುದು.

3. ಹಳೆಯ ಯಂತ್ರವು ಕೆಟ್ಟಿದ್ದರೆ, ಹಿಂದೆ ತೆಗೆದಿಟ್ಟ ಆ ಎರಡು ಕಡತಗಳನ್ನು ಹುಡುಕಿಸಬೇಕು. ಅವಿಲ್ಲದಲ್ಲಿ ಮಾಸ್ಟರ್ ಡೇಟಾಬೇಸಿನ ನಕಲನ್ನು ಹುಡುಕಿಸಬೇಕು. ಅದೂ ಅದರ ಮಾಸ್ಟರ್ ಕೀಲಿಯ ಪಾಸ್‌ವರ್ಡೂ ದೊರೆತರೆ, ಅದೇ ಆವೃತ್ತಿಯ ಬೇರೆ ಸರ್ವರಿನಲ್ಲಿ ಸ್ಥಾಪಿಸಿ ಸರ್ಟಿಫಿಕೇಟನ್ನು ಹೊರತೆಗೆಯಲು ಮಾರ್ಗವುಂಟು.

4. ಅದೇ ಹೆಸರಿನ ಹೊಸ ಸರ್ಟಿಫಿಕೇಟನ್ನು ಸೃಷ್ಟಿಸುವುದು ವ್ಯರ್ಥವು. ಹೆಸರು ಒಂದೇ ಆದರೂ ಬೀಗಕ್ಕೆ ಹೊಂದುವ ಹಲ್ಲು ಬೇರೆಯಾಗಿರುವುದು.

ಇವೊಂದೂ ದೊರೆಯದಿದ್ದಲ್ಲಿ ಗೂಢಲಿಪಿಯನ್ನು ಒಡೆಯುತ್ತೇವೆಂಬವರಿಗೆ ಹಣ ತೆರಬಾರದು. 256 ಬಿಟ್ಟುಗಳ ಕೀಲಿಗೆ ಸಾಧ್ಯವಾದ ರೂಪಗಳ ಎಣಿಕೆಯು 78 ಅಂಕಿಗಳಷ್ಟು ಉದ್ದವಾದ ಸಂಖ್ಯೆ. ಒಂದೊಂದನ್ನೇ ಪರೀಕ್ಷಿಸಿ ಮುಗಿಸುವ ಯಂತ್ರವಿಲ್ಲ. ತಂತ್ರಾಂಶವನ್ನು ಮಾಡಿದ ಕಂಪನಿಯವರಲ್ಲಿಯೂ ಮರುಕೀಲಿಯಿಲ್ಲ. ಗೂಢಲಿಪಿಗೆ ಮುಂಚಿನ ನಕಲು, ಅಚ್ಚು ಮಾಡಿದ ಲೆಕ್ಕದ ಹಾಳೆಗಳು, ಸದಸ್ಯರ ಕೈಯಲ್ಲಿರುವ ಪಾಸ್‌ಬುಕ್ಕು ಮತ್ತು ರಸೀದಿಗಳಿಂದ ಲೆಕ್ಕವನ್ನು ಹೊಸದಾಗಿ ಕಟ್ಟುವುದೊಂದೇ ಉಳಿದ ದಾರಿ.

ಕೆರೆಯ ಏರಿಯನ್ನು ಮಳೆಗೆ ಮುಂಚೆ ಭದ್ರಪಡಿಸುವಂತೆ ಈ ಕಾರ್ಯವನ್ನೂ ಮುಂದಾಗಿಯೇ ಮಾಡಿಸಬೇಕು. ಸರ್ಟಿಫಿಕೇಟು, ಖಾಸಗಿ ಕೀಲಿ, ಪಾಸ್‌ವರ್ಡು ಈ ಮೂರೂ ಬೇಕು. ಒಂದು ಕಡಮೆಯಾದರೂ ಉಳಿದೆರಡು ನಿಷ್ಪ್ರಯೋಜಕ. ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿಡಿಸಿ, ಪಾಸ್‌ವರ್ಡನ್ನು ಬರೆದ ಮೊಹರಿನ ಲಕೋಟೆಯನ್ನು ಕಡತಗಳಿಂದ ದೂರವಾಗಿ ಭದ್ರಪಡಿಸತಕ್ಕದ್ದು. ಕಾರ್ಯದರ್ಶಿಯು ಬದಲಾದಾಗ ಬೀರುವಿನ ಬೀಗದ ಕೈಗಳೊಡನೆ ಇವನ್ನೂ ಪಟ್ಟಿಯಲ್ಲಿ ಬರೆಯಿಸಿ ವಹಿಸಿಕೊಡಿಸಬೇಕು. ವರ್ಷಕ್ಕೊಮ್ಮೆ ಬೇರೆ ಯಂತ್ರದಲ್ಲಿ ನಕಲನ್ನು ತೆರೆಯಿಸಿ ನೋಡುವುದೇ ನಿಜವಾದ ಪರೀಕ್ಷೆ. ಮುಂದಿನ ಆಡಳಿತ ಸಭೆಯಲ್ಲಿಯೇ ಮುಖಂಡರು ಈ ಕೈಗಳು ಎಲ್ಲಿವೆಯೆಂದು ವಿಚಾರಿಸುವುದು ಸದಸ್ಯರೆಲ್ಲರಿಗೂ ಹಿತವು.