ಆಟದ ಟ್ಯಾಂಕಿಗೆ ಸೇನೆಯ ಕರೆ

ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ಬೆಟ್ಟ, ಜ್ವಾಲಾಮುಖಿ, ಬಿದಿಗೆಯ ಚಂದ್ರ; ಎದುರಿಗೆ ಶತ್ರು ಟ್ಯಾಂಕು, ಆಗೀಗ ಹಾರುವ ತಟ್ಟೆ. 1980ರಲ್ಲಿ ಅಮೆರಿಕದ ಅಟಾರಿ ಕಂಪನಿ ಹೊರತಂದ 'ಬ್ಯಾಟಲ್‌ಝೋನ್' ವಿಡಿಯೊ ಆಟವಿದು. ಆಡುವವನು ಟ್ಯಾಂಕಿನೊಳಗೇ ಕುಳಿತಂತೆ ಪೆರಿಸ್ಕೋಪಿನಲ್ಲಿ ಇಣುಕಬೇಕು. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವಂತೆ ಯಂತ್ರ ಕ್ಷಣಕ್ಷಣಕ್ಕೂ ಗೆರೆಗಳನ್ನು ಹೊಸದಾಗಿ ಎಳೆಯುತ್ತಿತ್ತು.

ಈ ನೈಜತೆ ಅಮೆರಿಕದ ಸೇನೆಯ ಕಣ್ಣಿಗೆ ಬಿತ್ತು. ಬ್ರಾಡ್ಲಿ ಯುದ್ಧವಾಹನದ ಗುರಿಕಾರರ ತರಬೇತಿಗೆ ಇದನ್ನು ಮಾರ್ಪಡಿಸುವ ಕೆಲಸ ಅಟಾರಿಗೆ ಬಂತು. ಆಟ ರೂಪಿಸಿದ ಎಡ್ ರಾಟ್‌ಬರ್ಗ್ ವಿರೋಧಿಸಿದರು. ಮುಂದೆಂದೂ ಸೇನೆಯ ಕೆಲಸ ಹಚ್ಚಬಾರದೆಂಬ ಷರತ್ತಿನ ಮೇಲಷ್ಟೇ ಒಪ್ಪಿದರು. ಹೊಸ ಯಂತ್ರದಲ್ಲಿ ಮಿತ್ರವಾಹನಗಳೂ ಇದ್ದವು; ಯಾರೆಂದು ಗುರುತಿಸಿಯೇ ಗುಂಡು ಹಾರಿಸಬೇಕಿತ್ತು. ಯೋಜನೆ ಮಾದರಿ ಯಂತ್ರದಾಚೆಗೆ ಬೆಳೆಯಲಿಲ್ಲ. ಆಟ ಮಾತ್ರ 1983ರಲ್ಲಿ ಅಟಾರಿ 2600 ಮೂಲಕ ಮನೆಯ ಟಿವಿಗೂ ಬಂತು.